ಇಪ್ಪತ್ತಮೂರು ನಿಮಿಷದ ಹಾಡು ಮೂರೂವರೆ ನಿಮಿಷಕ್ಕೆ ಇಳಿದದ್ದು ಹೇಗೆ?

ಕೆಲವು ತಿಂಗಳ ಹಿಂದೆ ಅಕ್ಕನ ಮಗಳು ಮೊಬೈಲ್ ಹಿಡಿದುಕೊಂಡು ನನ್ನ ಬಳಿ ಬಂದಳು. ಯಾವುದೋ ರೀಲ್‌ನಲ್ಲಿ ಕೇಳಿದ ಹಾಡೊಂದು ಅವಳಿಗೆ ಬಹಳ ಹಿಡಿಸಿತ್ತು. ಜೆನೆಸಿಸ್ ಎಂಬ ಬ್ರಿಟಿಷ್ ತಂಡದ ‘ಇನ್ವಿಸಿಬಲ್ ಟಚ್’, 1986ರದ್ದು. ಮೂರೂವರೆ ನಿಮಿಷ, ಕಾಲು ತಾನಾಗಿ ಕುಣಿಯುವ ಲಯ, ಒಮ್ಮೆ ಕೇಳಿದರೆ ನಾಲಿಗೆಯ ಮೇಲೆ ಕೂರುವ ಪಲ್ಲವಿ. ಅದೇ ತಂಡದ ಇನ್ನಷ್ಟು ಹಾಡು ಹುಡುಕಲು ಹೊರಟವಳಿಗೆ 1972ರ ‘ಸಪ್ಪರ್ಸ್ ರೆಡಿ’ ಸಿಕ್ಕಿದೆ. ಇಪ್ಪತ್ತಮೂರು ನಿಮಿಷ, ಏಳು ಭಾಗ. ನಡುವೆ ಕೊಳಲು ಬರುತ್ತದೆ, ಲೋಕಾಂತ್ಯದ ದರ್ಶನ ಬರುತ್ತದೆ, ಪಲ್ಲವಿ ಎಲ್ಲಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ. “ಮಾಮ, ಇವೆರಡೂ ಒಂದೇ ತಂಡದ್ದೇ? ನಡುವೆ ಇವರಿಗೆ ಏನಾಯಿತು?” ಎಂದು ಕೇಳಿದಳು.

ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ಎಂಬತ್ತರ ದಶಕದ ಈ ಹಾಡುಗಳು ಈಗ ಮತ್ತೆ ಮತ್ತೆ ಮೇಲೆದ್ದು ಬರುತ್ತಿವೆ. ಇದೇ ಜೆನೆಸಿಸ್‌ನ ಫಿಲ್ ಕಾಲಿನ್ಸ್ ಅವರ 1981ರ ‘ಇನ್ ದಿ ಏರ್ ಟುನೈಟ್’ ಹಾಡನ್ನು ಅಮೆರಿಕದ ಇಬ್ಬರು ಹುಡುಗರು ಮೊದಲ ಬಾರಿಗೆ ಕೇಳಿ ಬೆರಗಾಗುವ ವಿಡಿಯೊ 2020ರಲ್ಲಿ ಲೋಕವೆಲ್ಲ ಹರಡಿ, ನಲವತ್ತು ವರ್ಷ ಹಳೆಯ ಹಾಡು ಮತ್ತೆ ಮಾರಾಟದ ಪಟ್ಟಿ ಏರಿತು. 2024ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಎಂಬತ್ತರ ದಶಕದ ಹಾಡುಗಳನ್ನಷ್ಟೇ ನುಡಿಸಲು ‘ಬೀಟ್’ ಎಂಬ ಹೊಸ ತಂಡವೇ ಹೊರಟಿತು. ಹೀಗೆ ಹೊಸ ಕೇಳುಗರು ಬರುತ್ತಿದ್ದಾರೆ. ಬಂದವರೆಲ್ಲರೂ ಈ ಎರಡು ಮುಖಗಳ ನಡುವೆ ನಿಂತು ತಬ್ಬಿಬ್ಬಾಗುತ್ತಾರೆ.

ಮೊದಲು, ಪ್ರೋಗ್ ಎಂದರೇನು?

ಪ್ರೋಗ್ರೆಸಿವ್ ರಾಕ್ ಎಂಬ ಉದ್ದ ಹೆಸರನ್ನು ಅಭಿಮಾನಿಗಳು ‘ಪ್ರೋಗ್’ ಎಂದು ಮೊಟಕು ಮಾಡಿಕೊಂಡಿದ್ದಾರೆ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಟಿಸಿಲೊಡೆದ ಧಾರೆ ಇದು. ಮೂರು ನಿಮಿಷದ ಪ್ರೇಮಗೀತೆಯ ಚೌಕಟ್ಟನ್ನು ಒಡೆದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಇಂಗ್ಲಿಷ್ ಜನಪದ ಎಲ್ಲವನ್ನೂ ರಾಕ್‌ನೊಳಗೆ ಕರಗಿಸಿ, ಹಾಡನ್ನು ಒಂದು ಕಥನದಂತೆ ಬೆಳೆಸಬಹುದೇ ಎಂದು ಕೆಲವು ಯುವಕರು ಪ್ರಯೋಗಕ್ಕಿಳಿದರು. 1969ರಲ್ಲಿ ಬಂದ ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಮ್ಮನ್ನು ಈ ಧಾರೆಯ ಹೆಬ್ಬಾಗಿಲು ಎಂದು ಹಲವರು ಗುರುತಿಸುತ್ತಾರೆ. ಅದರ ಹಿಂದೆಮುಂದೆ ಯೆಸ್, ಜೆನೆಸಿಸ್, ಎಮರ್ಸನ್ ಲೇಕ್ ಅಂಡ್ ಪಾಮರ್, ಜೆಥ್ರೊ ಟಲ್ ಬಂದವು. ಕೆನಡಾದಿಂದ ರಷ್ ಬಂತು.

ಹಾಡಿನ ಉದ್ದಕ್ಕೆ ಒಂದು ಸರಳ ಕಾರಣವಿತ್ತು. ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದ ಸಂಗೀತ ಹಿಡಿಯುತ್ತದೆ. ಆ ಬದಿಯನ್ನೇ ಒಂದು ಹಾಡಿನ ಅಂಗಳ ಎಂದುಕೊಂಡರೆ ‘ಸಪ್ಪರ್ಸ್ ರೆಡಿ’ಯಂಥ ರಚನೆ ಹುಟ್ಟುತ್ತದೆ. ಯೆಸ್ ತಂಡವಂತೂ 1973ರಲ್ಲಿ ಎರಡು ತಟ್ಟೆ, ನಾಲ್ಕು ಬದಿ, ನಾಲ್ಕೇ ಹಾಡು ಎಂಬ ಆಲ್ಬಂ ಹೊರತಂದಿತು. ಅದರ ಬೀಜ ನಮ್ಮ ನೆಲದ್ದು: ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ. ಶಾಸ್ತ್ರಗಳನ್ನು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕಾಗಿ ವಿಂಗಡಿಸುವ ಆ ಟಿಪ್ಪಣಿಯನ್ನು ಓದಿದ ಗಾಯಕ ಜಾನ್ ಆಂಡರ್ಸನ್, ಒಂದೊಂದಕ್ಕೆ ಒಂದೊಂದು ಬದಿಯನ್ನು ಮೀಸಲಿಟ್ಟರು.

ಇನ್ನು ಲಯ. ಬಹುಪಾಲು ರಾಕ್ ಹಾಡುಗಳು ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ. ಪ್ರೋಗ್ ತಂಡಗಳು ಐದು, ಏಳು, ಒಂಬತ್ತರ ಎಣಿಕೆಯನ್ನು ಹಿಡಿದವು. ಪಾಶ್ಚಾತ್ಯ ಕೇಳುಗರಿಗೆ ಇದು ಎಡವಿದಂತೆ ಕೇಳಿಸುತ್ತಿತ್ತು. ಖಂಡಛಾಪು, ಮಿಶ್ರಛಾಪುಗಳನ್ನು ಕೇಳಿ ಬೆಳೆದ ಕಿವಿಗೆ ಅಷ್ಟು ಅಪರಿಚಿತವಲ್ಲ. ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಹಾಡಿನ ಶುರುವನ್ನು ಏಳು ಎಣಿಸುತ್ತಾ ಕೇಳಿ ನೋಡಿ, ಸುತ್ತು ಸರಿಯಾಗಿ ಬಂದು ಸೇರುತ್ತದೆ.

ವಾದ್ಯಗಳಲ್ಲಿ ಆಗಿನ ಅಚ್ಚರಿ ಮೆಲೊಟ್ರಾನ್. ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು. ಅದರಲ್ಲಿ ಪಿಟೀಲುಗಳ ಅಥವಾ ಮೇಳಗಾಯನದ ನಿಜವಾದ ಧ್ವನಿಮುದ್ರಣ. ಕೀಲಿ ಒತ್ತಿದರೆ ಟೇಪು ಎಂಟು ಸೆಕೆಂಡು ಓಡಿ ನಿಲ್ಲುತ್ತದೆ. ಸ್ವರವನ್ನು ಅದಕ್ಕಿಂತ ಉದ್ದ ಹಿಡಿಯಲು ಬಾರದು. ಆ ಕಾಲದ ಪ್ರೋಗ್ ಹಾಡುಗಳಲ್ಲಿ ಮಂಜು ಮುಸುಕಿದಂತೆ ಕೇಳುವ ಪಿಟೀಲಿನ ನಾದ ಬಹಳಷ್ಟು ಸಲ ಇದರದ್ದೇ.

ಕಾಲಮಿತಿಯ ಒತ್ತಡ ಎಲ್ಲಿಂದ ಬಂತು

ಯಕ್ಷಗಾನ ನೋಡುವವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಬೆಳಗಿನ ಜಾವದವರೆಗೆ ನಡೆಯುತ್ತಿದ್ದ ಆಟಗಳನ್ನು ಈಗ ಹಲವು ಮೇಳಗಳು ನಡುರಾತ್ರಿಯ ಹೊತ್ತಿಗೆ ಮುಗಿಸುತ್ತವೆ. ಪೂರ್ವರಂಗ ಮೊಟಕಾಗುತ್ತದೆ, ಪದ್ಯಗಳು ಕಡಿಮೆಯಾಗುತ್ತವೆ, ಕಥೆ ಬೇಗ ಮುಖ್ಯ ಸನ್ನಿವೇಶಕ್ಕೆ ಬರುತ್ತದೆ. ಕಲಾವಿದರು ಅವರೇ, ಪ್ರಸಂಗವೂ ಅದೇ. ಬದಲಾದದ್ದು ಊರಿನ ದಿನಚರಿ, ನೋಡುಗರ ಪುರುಸೊತ್ತು, ಆಟ ಆಡಿಸುವವರ ಲೆಕ್ಕಾಚಾರ. ಕಾಲಮಿತಿ ಆಟ ಸರಿಯೋ ತಪ್ಪೋ ಎಂಬ ಚರ್ಚೆ ಚೌಕಿಯಲ್ಲೂ ಚಹಾದಂಗಡಿಯಲ್ಲೂ ಇನ್ನೂ ಮುಗಿದಿಲ್ಲ. ಪ್ರೋಗ್ ತಂಡಗಳಿಗೆ ಇಂಥದ್ದೇ ಕಾಲಮಿತಿ 1976ರಿಂದ 1981ರ ನಡುವೆ, ನಾಲ್ಕಾರು ದಿಕ್ಕುಗಳಿಂದ ಏಕಕಾಲಕ್ಕೆ ಬಂದೆರಗಿತು.

ಇಂಗ್ಲೆಂಡಿನಲ್ಲಿ 1976–77ರಲ್ಲಿ ಪಂಕ್ ಎದ್ದಿತು. ಎರಡು ನಿಮಿಷದ, ಒರಟು, ಸಿಟ್ಟಿನ ಹಾಡುಗಳು. ಸೆಕ್ಸ್ ಪಿಸ್ಟಲ್ಸ್ ತಂಡದ ಗಾಯಕ ಜಾನಿ ರಾಟನ್, ಪಿಂಕ್ ಫ್ಲಾಯ್ಡ್ ಹೆಸರಿದ್ದ ಅಂಗಿಯ ಮೇಲೆ ‘ನಾನು ದ್ವೇಷಿಸುತ್ತೇನೆ’ ಎಂದು ಬರೆದುಕೊಂಡು ಓಡಾಡಿದರು. ಇಪ್ಪತ್ತು ನಿಮಿಷದ ಹಾಡು ಬರೆಯುವವರು ಜನರಿಂದ ದೂರವಾದ ಸಿರಿವಂತರು ಎಂಬ ಭಾವನೆ ಸಂಗೀತ ಪತ್ರಿಕೆಗಳಲ್ಲಿ ಬೇರೂರಿತು. ಆದರೆ ಪಂಕ್ ಒಂದೇ ಪ್ರೋಗ್ ಅನ್ನು ಮುಳುಗಿಸಿತು ಎಂದು ಹೇಳುವುದು ಪೂರ್ತಿ ನಿಜವಲ್ಲ. ಪಂಕ್‌ನ ಅಬ್ಬರದ ನಡುವೆಯೂ ಈ ತಂಡಗಳ ಆಲ್ಬಂಗಳು ಚೆನ್ನಾಗಿಯೇ ಮಾರಾಟವಾಗುತ್ತಿದ್ದವು.

ಹೆಚ್ಚಿನ ಪೆಟ್ಟು ಬಿದ್ದದ್ದು ರೇಡಿಯೊದಿಂದ. ಅಮೆರಿಕದ ಎಫ್‌ಎಂ ಕೇಂದ್ರಗಳಲ್ಲಿ ಮೊದಲು ನಿರೂಪಕರು ತಮಗೆ ಇಷ್ಟ ಬಂದದ್ದನ್ನು, ಎಷ್ಟು ಉದ್ದವಿದ್ದರೂ, ಹಾಕುತ್ತಿದ್ದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆ ಸ್ವಾತಂತ್ರ್ಯ ಹೋಗಿ, ಸಲಹೆಗಾರರು ಸಿದ್ಧಪಡಿಸಿದ ಪಟ್ಟಿಗಳು ಬಂದವು. ಜಾಹೀರಾತಿನ ನಡುವೆ ಕೂರಬೇಕಾದರೆ ಹಾಡು ನಾಲ್ಕೈದು ನಿಮಿಷದ ಒಳಗಿರಬೇಕು. ಇದೇ ಹೊತ್ತಿಗೆ ರೆಕಾರ್ಡ್ ಉದ್ಯಮಕ್ಕೂ ಹೊಡೆತ ಬಿತ್ತು. 1978ರಲ್ಲಿ ಶಿಖರ ಮುಟ್ಟಿದ ಅಮೆರಿಕದ ಮಾರಾಟ 1979ರಲ್ಲಿ ಇಳಿಯಿತು. ಅಲ್ಲಿಯವರೆಗೆ ‘ನಿಮಗೆ ತೋಚಿದ್ದು ಮಾಡಿ’ ಎನ್ನುತ್ತಿದ್ದ ಕಂಪನಿಗಳು ‘ರೇಡಿಯೊದಲ್ಲಿ ಬರುವ ಹಾಡು ಯಾವುದು?’ ಎಂದು ಕೇಳತೊಡಗಿದವು.

1981ರ ಆಗಸ್ಟ್ 1ರಂದು ಎಂಟಿವಿ ಶುರುವಾಯಿತು. ದಿನವಿಡೀ ಹಾಡಿನ ದೃಶ್ಯಗಳನ್ನೇ ತೋರಿಸುವ ಟಿವಿ ವಾಹಿನಿ. ಅದು ಪ್ರಸಾರ ಮಾಡಿದ ಮೊದಲ ಹಾಡು ಬಗಲ್ಸ್ ಎಂಬ ತಂಡದ ‘ವಿಡಿಯೊ ಕಿಲ್ಡ್ ದಿ ರೇಡಿಯೊ ಸ್ಟಾರ್’. ಆ ತಂಡದ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಎಂಬ ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ನಮ್ಮ ಕಥೆಗೆ ಇಬ್ಬರೂ ಮತ್ತೆ ಬರುತ್ತಾರೆ.

ಒಂದು ಡ್ರಮ್ ಸದ್ದಿನ ಹುಟ್ಟು

ಹೊರಗಿನ ಒತ್ತಡ ಹೀಗಿತ್ತು. ಹಾಡಿನ ಒಳಗೆ ಏನಾಯಿತು ಎಂಬುದನ್ನು ತಿಳಿಯಲು ಒಂದು ಸದ್ದನ್ನು ಹತ್ತಿರದಿಂದ ನೋಡಬೇಕು.

1979ರಲ್ಲಿ ಪೀಟರ್ ಗೇಬ್ರಿಯಲ್ ತಮ್ಮ ಮೂರನೆಯ ಏಕವ್ಯಕ್ತಿ ಆಲ್ಬಮ್ಮಿಗಾಗಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದರು. ಗೇಬ್ರಿಯಲ್ ಜೆನೆಸಿಸ್‌ನ ಹಳೆಯ ಗಾಯಕ. ಡ್ರಮ್ ಬಾರಿಸಲು ಬಂದವರು ಜೆನೆಸಿಸ್‌ನ ಫಿಲ್ ಕಾಲಿನ್ಸ್. ಈ ಆಲ್ಬಮ್ಮಿನಲ್ಲಿ ಸಿಂಬಲ್, ಅಂದರೆ ಕಂಚಿನ ತಟ್ಟೆಗಳ ಸದ್ದು ಇರಲೇಕೂಡದು ಎಂಬುದು ಗೇಬ್ರಿಯಲ್ ಹಾಕಿದ ನಿಯಮ. ಸ್ಟುಡಿಯೊದಲ್ಲಿ ವಾದಕರ ಮಾತು ಒಳಗಿನ ತಂತ್ರಜ್ಞರಿಗೆ ಕೇಳಲೆಂದು ಒಂದು ಮೈಕ್ ಇತ್ತು. ದೂರದ ಪಿಸುಮಾತೂ ಕೇಳಬೇಕಲ್ಲ. ಹಾಗಾಗಿ ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ಅದುಮಿ ಒಂದೇ ಮಟ್ಟಕ್ಕೆ ತರುವ ಕಂಪ್ರೆಸರ್ ಅದಕ್ಕೆ ಜೋಡಿಸಿತ್ತು. ಕಾಲಿನ್ಸ್ ಬಾರಿಸುತ್ತಿರುವಾಗ ಧ್ವನಿತಂತ್ರಜ್ಞ ಹ್ಯೂ ಪ್ಯಾಡ್‌ಗಮ್ ಆ ಮೈಕಿನ ಗುಂಡಿ ಒತ್ತಿದರು. ಮಾತಿಗಾಗಿ ಇಟ್ಟ ಮೈಕಿನಲ್ಲಿ ಡ್ರಮ್ ಸದ್ದು ಗುಡುಗಿನಂತೆ ಬಂತು.

ಅದನ್ನು ಧ್ವನಿಮುದ್ರಿಸಿಕೊಳ್ಳಲು ಸಾಧ್ಯವಾಗುವಂತೆ ಯಂತ್ರದ ತಂತಿಗಳನ್ನೇ ಬದಲಿಸಿದರು. ಜೊತೆಗೆ ‘ಗೇಟ್’ ಎಂಬ ಸಾಧನವನ್ನು ಸೇರಿಸಿದರು. ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಅದನ್ನು ಪೂರ್ತಿ ಕತ್ತರಿಸುವುದು ಗೇಟ್‌ನ ಕೆಲಸ. ಕಲ್ಲುಗೋಡೆಯ ಕೋಣೆಯಲ್ಲಿ ಯಾರೋ ಚೆಂಡೆಗೆ ಒಂದು ಪೆಟ್ಟು ಕೊಟ್ಟರು, ಪ್ರತಿಧ್ವನಿ ಉಕ್ಕಿ ಹೊರಬರುತ್ತಿರುವಾಗಲೇ ಬಾಗಿಲು ರಪ್ಪನೆ ಮುಚ್ಚಿತು ಎಂದುಕೊಳ್ಳಿ. ದೊಡ್ಡ ಸದ್ದು, ಮರುಕ್ಷಣವೇ ಮೌನ. ‘ಇನ್ ದಿ ಏರ್ ಟುನೈಟ್’ ಹಾಡಿನಲ್ಲಿ ಮೂರು ನಿಮಿಷ ನಲವತ್ತು ಸೆಕೆಂಡಿನ ಆಸುಪಾಸು ಕೇಳುಗರನ್ನು ಕುರ್ಚಿಯಿಂದ ಎಬ್ಬಿಸುವ ಆ ಡ್ರಮ್ ಹೊಡೆತ ಹುಟ್ಟಿದ್ದು ಇದರಿಂದಲೇ. ಅಲ್ಲಿಂದ ಮುಂದೆ ಎಂಬತ್ತರ ದಶಕದ ಅರ್ಧ ಸಂಗೀತ ಈ ಸದ್ದಿನ ಮೇಲೆ ನಿಂತಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಈ ಸದ್ದಿಗೆ ಜಾಗ ಬೇಕು. ಒಂದು ಪೆಟ್ಟು ಮುಗಿದು ಮೌನ ಬಂದ ಮೇಲೆ ಇನ್ನೊಂದು ಪೆಟ್ಟು ಬಿದ್ದರಷ್ಟೇ ಅದರ ಭಾರ ತಿಳಿಯುತ್ತದೆ. ಹಳೆಯ ಪ್ರೋಗ್ ಡ್ರಮ್ ವಾದನ ಇದಕ್ಕೆ ತದ್ವಿರುದ್ಧ: ಚಿಕ್ಕ ಚಿಕ್ಕ ಪೆಟ್ಟುಗಳ ಮಳೆ, ಮೇಲೆ ಸಿಂಬಲ್‌ಗಳ ಜೇಡರಬಲೆ. ಹೊಸ ಸದ್ದನ್ನು ಒಪ್ಪಿಕೊಂಡವರು ನೇರವಾದ ಲಯವನ್ನೂ ಒಪ್ಪಿಕೊಳ್ಳಬೇಕಾಯಿತು. ಲಯ ನೇರವಾದಾಗ ಅದರ ಮೇಲಿನ ಗಿಟಾರ್, ಕೀಬೋರ್ಡುಗಳ ನೇಯ್ಗೆಯೂ ತೆಳುವಾಯಿತು. ಸರಳ ಹಾಡು ಬರೆಯೋಣ ಎಂದು ಯಾರೂ ತೀರ್ಮಾನಿಸದಿದ್ದರೂ ಯಂತ್ರವೇ ಅತ್ತ ಎಳೆಯುತ್ತಿತ್ತು.

ಕೀಬೋರ್ಡಿನಲ್ಲೂ ಇದೇ ಆಯಿತು. 1978ರ ಪ್ರಾಫೆಟ್-5 ಎಂಬ ಸಿಂಥಸೈಜರ್, ಹೊಂದಿಸಿದ ನಾದಗಳನ್ನು ನೆನಪಿಟ್ಟುಕೊಂಡು ಗುಂಡಿ ಒತ್ತಿದ ಕೂಡಲೇ ಮರಳಿಸುತ್ತಿತ್ತು. 1983ರಲ್ಲಿ ಯಮಾಹಾದ ಡಿಎಕ್ಸ್7 ಬಂದು ಗಾಜಿನಂತೆ ಹೊಳೆಯುವ ನಾದವನ್ನು ಎಲ್ಲರ ಕೈಗೂ ತಲುಪಿಸಿತು. ಟೇಪು ಓಡುವ ಮೆಲೊಟ್ರಾನ್ ಮೂಲೆ ಸೇರಿತು.

ಜೆನೆಸಿಸ್: ಒಂದೊಂದೇ ಮೆಟ್ಟಿಲು

ಅಕ್ಕನ ಮಗಳ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಜೆನೆಸಿಸ್ ಒಂದೇ ರಾತ್ರಿಯಲ್ಲಿ ಬದಲಾಗಲಿಲ್ಲ.

1975ರಲ್ಲಿ ಗೇಬ್ರಿಯಲ್ ಹೊರನಡೆದರು. ಹೊಸ ಗಾಯಕನನ್ನು ಹುಡುಕಿ ಸೋತ ತಂಡ, ಹಿಂದೆ ಕುಳಿತು ಡ್ರಮ್ ಬಾರಿಸುತ್ತಿದ್ದ ಕಾಲಿನ್ಸ್‌ರನ್ನೇ ಮುಂದೆ ನಿಲ್ಲಿಸಿತು. 1977ರಲ್ಲಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಬಿಟ್ಟರು. ಉಳಿದವರು ಮೂವರು: ಕಾಲಿನ್ಸ್, ಕೀಬೋರ್ಡಿನ ಟೋನಿ ಬ್ಯಾಂಕ್ಸ್, ಗಿಟಾರಿನ ಮೈಕ್ ರುದರ್‌ಫೋರ್ಡ್. ಐವರು ಸೇರಿ ಹೆಣೆಯುತ್ತಿದ್ದ ಬಟ್ಟೆಯನ್ನು ಮೂವರು ಹೆಣೆದರೆ ಅದು ಹಗುರಾಗಲೇಬೇಕು. 1978ರ ‘ಫಾಲೋ ಯು ಫಾಲೋ ಮಿ’ ಎಂಬ ನಾಲ್ಕು ನಿಮಿಷದ ಸರಳ ಪ್ರೇಮಗೀತೆ ಬ್ರಿಟನ್ನಿನ ಪಟ್ಟಿಯಲ್ಲಿ ಏಳನೆಯ ಸ್ಥಾನ ಮುಟ್ಟಿತು. ಅಲ್ಲಿಯವರೆಗೆ ಅವರಿಗೆ ಸ್ವದೇಶದಲ್ಲಿ ಮೊದಲ ಹತ್ತರೊಳಗೆ ಹಾಡೇ ಇರಲಿಲ್ಲ.

1980ರ ‘ಡ್ಯೂಕ್’ ಆಲ್ಬಂ ಈ ಕಥೆಯ ತಿರುವು, ನನ್ನ ಮಟ್ಟಿಗೆ ಅತ್ಯಂತ ಕುತೂಹಲದ ಜಾಗವೂ ಹೌದು. ತಂಡದ ಬಳಿ ಸುಮಾರು ಅರ್ಧ ಗಂಟೆಯ ಒಂದು ಅಖಂಡ ರಚನೆ ಇತ್ತು. ಅದನ್ನು ಹಾಗೆಯೇ ಒಂದು ಬದಿಗೆ ಹಾಕಿದ್ದರೆ ಎಲ್ಲರೂ ‘ಸಪ್ಪರ್ಸ್ ರೆಡಿ’ಗೆ ಹೋಲಿಸುತ್ತಿದ್ದರು. ಅವರು ಅದನ್ನು ತುಂಡು ಮಾಡಿ ಆಲ್ಬಮ್ಮಿನ ಉದ್ದಕ್ಕೂ ಬೇರೆ ಬೇರೆ ಹಾಡುಗಳಾಗಿ ಹರಡಿದರು. ಆ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಉದ್ದದ ಹಾಡು ಬರೆಯುವ ಕೈ ಅವರಲ್ಲಿ ಇನ್ನೂ ಗಟ್ಟಿಯಾಗಿಯೇ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮುಂದಿನ ವರ್ಷದ ‘ಅಬಕಾಬ್’ ಹೊತ್ತಿಗೆ ಪ್ಯಾಡ್‌ಗಮ್ ಇವರೊಡನೆ ಸೇರಿದ್ದರು. ಅದರ ಒಂದು ಹಾಡಿನಲ್ಲಿ ಅಮೆರಿಕದ ಅರ್ಥ್ ವಿಂಡ್ ಅಂಡ್ ಫೈರ್ ತಂಡದ ತುತ್ತೂರಿಗಳು ಮೊಳಗಿದವು. ಹಳೆಯ ಅಭಿಮಾನಿಗಳಿಗೆ ಇದು ನುಂಗಲಾಗದ ತುತ್ತಾಯಿತು. ಆ ವರ್ಷ ನೆದರ್ಲೆಂಡ್ಸ್‌ನ ಲೈಡನ್ ಊರಿನ ಕಛೇರಿಯಲ್ಲಿ ಹೊಸ ಹಾಡುಗಳಿಗೆ ಜನ ಕೂಗು ಹಾಕಿದರು.

1983ರಿಂದ ಅವರು ಹಾಡು ಕಟ್ಟುವ ಕ್ರಮವೇ ಬದಲಾಯಿತು. ಮೊದಲು ಒಬ್ಬೊಬ್ಬರು ಮನೆಯಲ್ಲಿ ಬರೆದು ತರುತ್ತಿದ್ದರು. ಈಗ ಬರಿಗೈಯಲ್ಲಿ ಬಂದು ತಮ್ಮದೇ ಸ್ಟುಡಿಯೊದಲ್ಲಿ ಕುಳಿತು, ಡ್ರಮ್ ಯಂತ್ರ ಓಡಿಸಿ, ಮೂವರೂ ಸೇರಿ ಹುಡುಕುತ್ತಾ ಕಟ್ಟತೊಡಗಿದರು. ಹಿನ್ನೆಲೆಯಲ್ಲಿ ಯಂತ್ರದ ಲಯ ತಿರುಗುತ್ತಲೇ ಇರುವಾಗ ಸರಳ ಸುತ್ತುಗಳೇ ಮೊದಲು ಹೊಳೆಯುತ್ತವೆ. ಈ ದಾರಿಯ ತುದಿಯಲ್ಲಿ ನಿಂತದ್ದು 1986ರ ‘ಇನ್ವಿಸಿಬಲ್ ಟಚ್’. ಅದರ ಶೀರ್ಷಿಕೆ ಗೀತೆ ಅಮೆರಿಕದಲ್ಲಿ ಮೊದಲ ಸ್ಥಾನ ಗಳಿಸಿತು. ಅದೇ ಆಲ್ಬಮ್ಮಿನ ಒಟ್ಟು ಐದು ಹಾಡುಗಳು ಅಲ್ಲಿನ ಮೊದಲ ಐದರೊಳಗೆ ಬಂದವು. ಮೊದಲ ಸ್ಥಾನದಿಂದ ಆ ಶೀರ್ಷಿಕೆ ಗೀತೆಯನ್ನು ಕೆಳಗಿಳಿಸಿದ ಹಾಡು ಯಾವುದು ಗೊತ್ತೇ? ಹಳೆಯ ಗೆಳೆಯ ಗೇಬ್ರಿಯಲ್ ಅವರ ‘ಸ್ಲೆಜ್‌ಹ್ಯಾಮರ್’. ಹನ್ನೊಂದು ವರ್ಷದ ಹಿಂದೆ ಬೇರೆಯಾದವರು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಶಿಖರದಲ್ಲಿ ಎದುರಾಗಿದ್ದರು.

ಇನ್ನೊಂದು ವಿವರವನ್ನು ಬಹಳ ಜನ ಗಮನಿಸುವುದಿಲ್ಲ. ಆ ಐದರಲ್ಲಿ ಒಂದಾದ ‘ಟುನೈಟ್, ಟುನೈಟ್, ಟುನೈಟ್’ ಆಲ್ಬಮ್ಮಿನಲ್ಲಿ ಒಂಬತ್ತು ನಿಮಿಷದ ಹತ್ತಿರವಿದೆ. ರೇಡಿಯೊಗೆ ಕೊಟ್ಟದ್ದು ಅದರ ಅರ್ಧದಷ್ಟನ್ನು. ಹತ್ತೂವರೆ ನಿಮಿಷ ಮೀರಿದ ‘ಡೊಮಿನೊ’ ಎಂಬ ಎರಡು ಭಾಗದ ಹಾಡೂ ಅದೇ ಆಲ್ಬಮ್ಮಿನಲ್ಲಿದೆ.

ಯೆಸ್: ಅದೇ ಹೆಸರು, ಬೇರೆ ಮನೆ

ಯೆಸ್ ತಂಡದ ಬದಲಾವಣೆ ಹೀಗೆ ಮೆಲ್ಲನೆ ಆದದ್ದಲ್ಲ. ಅದು ಮುರಿದು ಮತ್ತೆ ಕಟ್ಟಿದ್ದು.

1980ರಲ್ಲಿ ಆಂಡರ್ಸನ್ ಮತ್ತು ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ತಂಡ ತೊರೆದಾಗ, ಆ ಜಾಗಕ್ಕೆ ಬಂದವರು ಬಗಲ್ಸ್‌ನ ಹಾರ್ನ್ ಮತ್ತು ಡೌನ್ಸ್. ಪಾಪ್ ಹಾಡಿನ ಜೋಡಿಯೊಂದು ಪ್ರೋಗ್ ಮನೆಗೆ ಬಂದು ಸೇರಿದ್ದು ಎಲ್ಲರಿಗೂ ಆಶ್ಚರ್ಯ. ‘ಡ್ರಾಮಾ’ ಎಂಬ ಒಂದು ಆಲ್ಬಂ ಆಯಿತು, 1981ರಲ್ಲಿ ತಂಡವೇ ಒಡೆಯಿತು.

ಬಾಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಮತ್ತು ಡ್ರಮ್ಮಿನ ಅಲನ್ ವೈಟ್ ಆಮೇಲೆ ದಕ್ಷಿಣ ಆಫ್ರಿಕಾದ ಗಿಟಾರ್ ವಾದಕ ಟ್ರೆವರ್ ರೇಬಿನ್ ಜೊತೆ ಸೇರಿ ‘ಸಿನಿಮಾ’ ಎಂಬ ಹೊಸ ತಂಡ ಕಟ್ಟಿದರು. ಟ್ರೆವರ್ ಹಾರ್ನ್ ಈ ಬಾರಿ ಗಾಯಕರಾಗಿ ಬರಲಿಲ್ಲ, ಪ್ರೊಡ್ಯೂಸರ್ ಆಗಿ ಬಂದರು. ನಮ್ಮಲ್ಲಿ ನಿರ್ಮಾಪಕ ಎಂದರೆ ಹಣ ಹಾಕುವವರು; ರೆಕಾರ್ಡಿಂಗ್ ಲೋಕದಲ್ಲಿ ಪ್ರೊಡ್ಯೂಸರ್ ಸಿನಿಮಾದ ನಿರ್ದೇಶಕನಂತೆ. ಯಾವ ಹಾಡು ಇರಬೇಕು, ಯಾವ ವಾದ್ಯ ಎಲ್ಲಿ ಬರಬೇಕು, ಯಾವ ಸದ್ದು ಹೇಗಿರಬೇಕು ಎಂದು ತೀರ್ಮಾನಿಸುವವರು. ಕೊನೆಯ ಹಂತದಲ್ಲಿ ಆಂಡರ್ಸನ್ ಮರಳಿ ಬಂದು ಹಾಡಿದರು. ಹಳೆಯ ದನಿ ಸೇರಿದ ಮೇಲೆ ಹಳೆಯ ಹೆಸರೂ ಮರಳಿತು.

1983ರ ಆ ಆಲ್ಬಮ್ಮಿಗೆ ರೆಕಾರ್ಡ್ ಕಂಪನಿಯ ಕ್ಯಾಟಲಾಗ್ ಸಂಖ್ಯೆಯನ್ನೇ ಹೆಸರಾಗಿ ಇಟ್ಟರು: ‘90125’. ಹಿಂದೆ ರೋಜರ್ ಡೀನ್ ಬಿಡಿಸುತ್ತಿದ್ದ ತೇಲುವ ಬಂಡೆಗಳ ಕನಸಿನ ಲೋಕವಿದ್ದ ಹೊದಿಕೆಯ ಜಾಗದಲ್ಲಿ ಈಗ ಒಂದು ಚಿಹ್ನೆ ಮಾತ್ರ. ಅದರ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರ ಜನವರಿಯಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೇರಿತು. ಯೆಸ್ ತಂಡಕ್ಕೆ ಆ ಭಾಗ್ಯ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಹಾಡನ್ನು ಗಮನವಿಟ್ಟು ಕೇಳಿದರೆ ಒರಟು ಗಿಟಾರಿನ ನಡುವೆ ಇದ್ದಕ್ಕಿದ್ದಂತೆ ಪಟಾಕಿಯಂತೆ ಸಿಡಿಯುವ ವಾದ್ಯಗೋಷ್ಠಿಯ ತುಣುಕುಗಳು ಕೇಳಿಸುತ್ತವೆ. ಅವು ಕಂಪ್ಯೂಟರಿನಲ್ಲಿ ಹಿಡಿದಿಟ್ಟ ಸದ್ದುಗಳು. ಇಪ್ಪತ್ತು ನಿಮಿಷದಲ್ಲಿ ಹರಡುತ್ತಿದ್ದ ತಿರುವುಗಳನ್ನು ಹಾರ್ನ್ ನಾಲ್ಕೂವರೆ ನಿಮಿಷದೊಳಗೆ ಒತ್ತಿ ತುಂಬಿದ್ದಾರೆ.

ಇಲ್ಲಿಗೂ ಜೆನೆಸಿಸ್‌ಗೂ ಇರುವ ವ್ಯತ್ಯಾಸ ಮುಖ್ಯ. ಜೆನೆಸಿಸ್‌ನಲ್ಲಿ ಅದೇ ಮೂವರು ವರ್ಷ ವರ್ಷವೂ ಬೇರೆಯಾಗುತ್ತಾ ಹೋದರು. ಯೆಸ್‌ನಲ್ಲಿ ಹೊಸ ಹಾಡುಗಳ ಕರಡು ಬಹುಪಾಲು ಹೊಸಬ ರೇಬಿನ್ ಅವರದ್ದು, ಸದ್ದು ಹಾರ್ನ್ ಅವರದ್ದು. ಹಳಬರು ಅದಕ್ಕೆ ತಮ್ಮ ಕೈಚಳಕ ಕೊಟ್ಟರು.

ಏಷ್ಯಾ: ನಾಲ್ವರು ಘಟಾನುಘಟಿಗಳು

ಅತಿ ನೇರವಾದ ದಾರಿ ಹಿಡಿದದ್ದು ಏಷ್ಯಾ. ಯೆಸ್‌ನಿಂದ ಸ್ಟೀವ್ ಹೌ, ಎಮರ್ಸನ್ ಲೇಕ್ ಅಂಡ್ ಪಾಮರ್‌ನಿಂದ ಕಾರ್ಲ್ ಪಾಮರ್, ಕಿಂಗ್ ಕ್ರಿಮ್ಸನ್‌ನಿಂದ ಜಾನ್ ವೆಟನ್, ಜೊತೆಗೆ ನಮ್ಮ ಜೆಫ್ ಡೌನ್ಸ್. ಈ ನಾಲ್ವರು ಸೇರಿದ್ದಾರೆ ಎಂದಾಗ ಪ್ರೋಗ್ ಪ್ರಿಯರು ನಲವತ್ತು ನಿಮಿಷದ ಮಹಾಕಾವ್ಯಕ್ಕಾಗಿ ಕಾದರು. ಬಂದದ್ದು ‘ಹೀಟ್ ಆಫ್ ದಿ ಮೊಮೆಂಟ್’, ನಾಲ್ಕು ನಿಮಿಷದ ಒಳಗೆ ಮುಗಿಯುವ, ಕ್ರೀಡಾಂಗಣವೇ ಸೇರಿ ಹಾಡಬಹುದಾದ ಗೀತೆ. 1982ರ ಅವರ ಮೊದಲ ಆಲ್ಬಂ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಆದರೆ 1983ರ ಕೊನೆಯ ಹೊತ್ತಿಗೆ ವೆಟನ್ ಹೊರಗಿದ್ದರು, ಟೋಕಿಯೊದ ಕಛೇರಿಯಲ್ಲಿ ಅವರ ಜಾಗದಲ್ಲಿ ಎಮರ್ಸನ್ ಲೇಕ್ ಅಂಡ್ ಪಾಮರ್‌ನ ಗ್ರೆಗ್ ಲೇಕ್ ಹಾಡಿದರು, ಮುಂದೆ ಹೌ ಅವರೂ ಹೋದರು. ಇವರನ್ನು ಕಟ್ಟಿಹಾಕಿದ್ದು ಒಟ್ಟಿಗೆ ಬೆಳೆದ ನೆನಪಲ್ಲ, ಒಂದು ಯೋಜನೆ. ಯೋಜನೆಯ ಗಂಟು ಬೇಗ ಸಡಿಲಾಯಿತು ಎಂದು ನನಗೆ ಅನ್ನಿಸುತ್ತದೆ.

ರಷ್ ಮತ್ತು ಕಿಂಗ್ ಕ್ರಿಮ್ಸನ್: ಬೇರೆಯದೇ ಉತ್ತರಗಳು

ಕೆನಡಾದ ರಷ್ ತಂಡದಲ್ಲಿ ಈ ವರ್ಷಗಳಲ್ಲಿ ಯಾರೂ ಬಿಟ್ಟು ಹೋಗಲಿಲ್ಲ, ಯಾರೂ ಹೊಸದಾಗಿ ಬರಲಿಲ್ಲ. ಗೆಡ್ಡಿ ಲೀ, ಅಲೆಕ್ಸ್ ಲೈಫ್‌ಸನ್, ನೀಲ್ ಪಿಯರ್ಟ್ ಈ ಮೂವರೇ. 1976ರಲ್ಲಿ ‘2112’ ಎಂಬ ಇಪ್ಪತ್ತು ನಿಮಿಷದ ರಚನೆಯಿಂದ ಗೆದ್ದವರು, 1980ರ ‘ದಿ ಸ್ಪಿರಿಟ್ ಆಫ್ ರೇಡಿಯೊ’ ಹಾಡಿನಲ್ಲಿ ಐದು ನಿಮಿಷದ ಒಳಗೇ ಮಿಂಚಿನ ಗಿಟಾರ್, ಲಯದ ತಿರುವು, ಕೊನೆಯಲ್ಲಿ ಒಂದಿಷ್ಟು ರೆಗೆ ಎಂಬ ಜಮೈಕಾದ ಲಯ, ಎಲ್ಲವನ್ನೂ ಇಟ್ಟರು. ಅವರು ಜಟಿಲತೆಯನ್ನು ಬಿಡಲಿಲ್ಲ, ಮಡಚಿಟ್ಟರು. 1982ರ ‘ನ್ಯೂ ವರ್ಲ್ಡ್ ಮ್ಯಾನ್’ ಹುಟ್ಟಿದ ಬಗೆ ಇನ್ನೂ ಸ್ವಾರಸ್ಯಕರ. ಕ್ಯಾಸೆಟ್‌ನ ಎರಡೂ ಬದಿ ಸಮನಾಗಲು ನಾಲ್ಕು ನಿಮಿಷದ ಒಂದು ಹಾಡು ಕಡಿಮೆ ಬಿದ್ದಿತ್ತು, ಅದನ್ನು ತುಂಬಲು ‘ಪ್ರಾಜೆಕ್ಟ್ 3:57’ ಎಂದು ಹೆಸರಿಟ್ಟುಕೊಂಡು ಬೇಗ ಬೇಗ ಬರೆದ ಹಾಡು ಅದು. ಅಮೆರಿಕದ ಮೊದಲ ನಲವತ್ತರೊಳಗೆ ಹೋದ ಅವರ ಒಂದೇ ಹಾಡು ಅದಾಯಿತು.

ಕಿಂಗ್ ಕ್ರಿಮ್ಸನ್ ಮಾಡಿದ್ದು ಇವೆಲ್ಲಕ್ಕಿಂತ ವಿಚಿತ್ರ. 1974ರಲ್ಲಿ ತಂಡವನ್ನೇ ಮುಚ್ಚಿದ್ದ ರಾಬರ್ಟ್ ಫ್ರಿಪ್, ನ್ಯೂಯಾರ್ಕಿನ ಹೊಸ ಸಂಗೀತದ ನಡುವೆ ಕೆಲವು ಕಾಲ ಕಳೆದು, 1981ರಲ್ಲಿ ‘ಡಿಸಿಪ್ಲಿನ್’ ಆಲ್ಬಮ್ಮಿನೊಂದಿಗೆ ಮರಳಿದರು. ಮೆಲೊಟ್ರಾನ್ ಇಲ್ಲ, ಇಪ್ಪತ್ತು ನಿಮಿಷದ ಹಾಡಿಲ್ಲ, ಕೂದಲೂ ಚಿಕ್ಕದು. ಹೊರನೋಟಕ್ಕೆ ಅದು ಆ ಕಾಲದ ಯಾವುದೋ ಹೊಸ ತಂಡ. ಒಳಗೆ ಮಾತ್ರ ಲೆಕ್ಕ ಇನ್ನೂ ಕಠಿಣ. ‘ಫ್ರೇಮ್ ಬೈ ಫ್ರೇಮ್’ ಹಾಡಿನಲ್ಲಿ ಫ್ರಿಪ್ ಮತ್ತು ಏಡ್ರಿಯನ್ ಬಿಲ್ಯೂ ಏಳರ ಎಣಿಕೆಯಲ್ಲಿ ಒಂದೇ ಸುತ್ತನ್ನು ಒಟ್ಟಿಗೆ ನುಡಿಸುತ್ತಾರೆ. ಆಮೇಲೆ ಒಬ್ಬರು ಒಂದು ಸ್ವರವನ್ನು ಬಿಟ್ಟುಬಿಡುತ್ತಾರೆ. ಇವರದು ಹದಿನಾಲ್ಕು, ಅವರದು ಹದಿಮೂರು. ಎರಡು ಸುತ್ತುಗಳು ಒಂದರಿಂದೊಂದು ಜಾರುತ್ತಾ, ದೂರ ಸರಿದು, ಮತ್ತೆ ಬಂದು ಕೂಡುತ್ತವೆ. ಇಂಡೊನೇಷ್ಯಾದ ಗಮೆಲಾನ್ ಎಂಬ ಲೋಹವಾದ್ಯಗಳ ಮೇಳದ ಪ್ರಭಾವ ಇಲ್ಲಿದೆ. ತನಿ ಆವರ್ತನದಲ್ಲಿ ಮೃದಂಗ, ಘಟ ಬೇರೆ ಬೇರೆ ಲೆಕ್ಕ ಹಿಡಿದು ಸಮಕ್ಕೆ ಬಂದು ಸೇರುವಾಗ ಆಗುವ ಪುಳಕವನ್ನು ಬಲ್ಲವರಿಗೆ ಈ ಹಾಡು ತಕ್ಷಣ ಹತ್ತಿರವಾಗುತ್ತದೆ. ದೊಡ್ಡ ಜನಪ್ರಿಯತೆ ಇವರಿಗೆ ಸಿಗಲಿಲ್ಲ. ಆದರೆ ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಒಟ್ಟಿಗೆ ಸೇರಿದ ಸಂಗೀತ ಇದು, ಈ ಎಲ್ಲ ತಂಡಗಳಲ್ಲಿ ನಾನು ಹೆಚ್ಚು ಸಲ ಮರಳಿ ಕೇಳುವುದೂ ಇದನ್ನೇ.

ಎಲ್ಲರಿಗೂ ದಾರಿ ಸಿಗಲಿಲ್ಲ. ಎಮರ್ಸನ್ ಲೇಕ್ ಅಂಡ್ ಪಾಮರ್ 1978ರ ‘ಲವ್ ಬೀಚ್’ ಆಲ್ಬಮ್ಮಿನಲ್ಲಿ ಚಿಕ್ಕ ಹಾಡುಗಳಿಗೆ ಕೈಹಾಕಿ, ಮರುವರ್ಷವೇ ಬೇರೆಯಾದರು. ಅತ್ಯಂತ ಜಟಿಲ ಹೆಣಿಗೆಯ ಜೆಂಟಲ್ ಜೈಂಟ್ 1980ರಲ್ಲಿ ಮುಗಿಯಿತು. ಜೆಥ್ರೊ ಟಲ್ 1984ರಲ್ಲಿ ಡ್ರಮ್ ಯಂತ್ರ ಹಿಡಿದು ಮಾಡಿದ ಆಲ್ಬಂ ಹಳಬರಿಗೂ ಹಿಡಿಸಲಿಲ್ಲ, ಹೊಸಬರನ್ನೂ ತರಲಿಲ್ಲ.

ಇದು ಮಾರಿಕೊಂಡದ್ದೇ?

ಈ ಪ್ರಶ್ನೆಗೆ ಇಂದಿಗೂ ಎರಡು ಗುಂಪುಗಳಿವೆ. ಒಂದು ಗುಂಪಿನ ಮಾತು: ಇವರು ಹಣಕ್ಕಾಗಿ ತಮ್ಮ ಸಂಗೀತದ ಜೀವವನ್ನೇ ಬಿಟ್ಟುಕೊಟ್ಟರು. ಇನ್ನೊಂದು ಗುಂಪಿನ ಮಾತು: ಪ್ರೋಗ್ರೆಸಿವ್ ಎಂದರೆ ಮುನ್ನಡೆಯುವುದು, 1972ರಲ್ಲೇ ನಿಂತುಬಿಟ್ಟರೆ ಅದಕ್ಕೆ ಆ ಹೆಸರು ಹೇಗೆ ಸಲ್ಲುತ್ತದೆ?

ಚಿಕ್ಕದಾಗಿಸುವುದು ಎಂದರೆ ಕೀಳಾಗಿಸುವುದು ಎಂದು ನಾನು ಒಪ್ಪುವುದಿಲ್ಲ. ನಮ್ಮ ಹಿಂದೂಸ್ತಾನಿ ಗಾಯಕರೂ ಒಮ್ಮೆ ಇದೇ ಕಷ್ಟವನ್ನು ಎದುರಿಸಿದ್ದರು. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದವರು ಗ್ರಾಮಫೋನ್ ಪ್ಲೇಟಿನ ಮೂರು ನಿಮಿಷದೊಳಗೆ ಅದನ್ನು ತೋರಿಸಬೇಕಾಗಿತ್ತು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಆ ಪುಟ್ಟ ಮುದ್ರಿಕೆಗಳನ್ನು ಕೇಳಿದವರಾರೂ ಅಲ್ಲಿ ರಾಗ ಬಡವಾಗಿದೆ ಎನ್ನಲಾರರು. ಎಂಬತ್ತರ ದಶಕದ ಪ್ರೋಗ್ ಹಾಡುಗಳಲ್ಲಿ ಕೆಲವು ನಿಜಕ್ಕೂ ಬಡವಾಗಿವೆ, ಅದನ್ನು ಮುಚ್ಚಿಡಬೇಕಿಲ್ಲ. ಕೆಲವು ಹಾಗಿಲ್ಲ.

ಅಕ್ಕನ ಮಗಳಿಗೆ ನಾನು ಕೊನೆಗೆ ಹಾಕಿ ಕೇಳಿಸಿದ್ದು ‘ಡ್ಯೂಕ್’ ಆಲ್ಬಮ್ಮಿನ ‘ಟರ್ನ್ ಇಟ್ ಆನ್ ಅಗೇನ್’. ನಾಲ್ಕು ನಿಮಿಷದ ಒಳಗಿನ ಹಾಡು. ಬ್ರಿಟನ್ನಿನಲ್ಲಿ ಎಂಟನೆಯ ಸ್ಥಾನಕ್ಕೆ ಹೋಗಿತ್ತು. ತುಂಡು ಮಾಡಿ ಹಂಚಿದ ಆ ಅರ್ಧ ಗಂಟೆಯ ರಚನೆಯ ಒಂದು ತುಂಡು ಇದು. ಅವಳು ಮೊದಲ ಸಾಲಿಗೇ ತಲೆಯಾಡಿಸಿದಳು, ಚಪ್ಪಾಳೆ ತಟ್ಟತೊಡಗಿದಳು. ಎರಡನೆಯ ಸುತ್ತಿನಲ್ಲಿ ಅವಳ ಚಪ್ಪಾಳೆ ಹಾಡಿನಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಹಾಡನ್ನು ನಿಲ್ಲಿಸಿ, “ಮಾಮ, ಇದರಲ್ಲಿ ಏನೋ ಇದೆ” ಎಂದಳು. ಮೊದಲಿನಿಂದ ಹಾಕಿ ಬೆರಳು ಮಡಚುತ್ತಾ ಎಣಿಸು ಎಂದೆ. ಮೊದಲು ಆರು, ಆಮೇಲೆ ಏಳು. ಹದಿಮೂರರ ಸುತ್ತು.